ಕಲ್ಲು, ಹಾಲು, ಬಲೂನು

ಪ್ರಾಥಮಿಕ ಶಾಲೆಯ ವಿಜ್ಞಾನದ ಪುಸ್ತಕ ಯಾವ ರಾಜ್ಯದ್ದಾದರೂ ಆಗಿರಲಿ, ಯಾವ ಭಾಷೆಯದ್ದಾದರೂ ಆಗಿರಲಿ, ಅದರಲ್ಲಿ ಒಂದು ಪುಟ ಮಾತ್ರ ಹೆಚ್ಚುಕಡಿಮೆ ಎಲ್ಲೆಡೆಯೂ ಒಂದೇ ಬಗೆಯಾಗಿರುತ್ತದೆ. ಮೂರು ಚೌಕಗಳು. ಮೊದಲನೆಯದರಲ್ಲಿ ಕಲ್ಲು ಅಥವಾ ಇಟ್ಟಿಗೆ. ಎರಡನೆಯದರಲ್ಲಿ ಒಂದು ಲೋಟ ಹಾಲು. ಮೂರನೆಯದರಲ್ಲಿ ಊದಿದ ಬಲೂನು. ಕೆಳಗೆ ಘನ, ದ್ರವ, ಅನಿಲ ಎಂಬ ಹೆಸರುಗಳು. ಘನಕ್ಕೆ ನಿಶ್ಚಿತ ಆಕಾರವೂ ಗಾತ್ರವೂ ಉಂಟು. ದ್ರವಕ್ಕೆ ಗಾತ್ರವುಂಟು, ಆಕಾರವಿಲ್ಲ. ಅನಿಲಕ್ಕೆ ಎರಡೂ ಇಲ್ಲ. ಮಗು ಇಷ್ಟನ್ನು ಬಾಯಿಪಾಠ ಮಾಡಿ ಒಪ್ಪಿಸಿದರೆ ಪೂರ್ಣ ಅಂಕ.

ಈ ಪುಟದಲ್ಲಿ ಸುಳ್ಳೇನೂ ಇಲ್ಲ. ಆದರೂ ಇದನ್ನು ನೋಡಿದ ಮಗು ಕಲಿಯುವುದೇನು ಎಂದು ಯೋಚಿಸಿದರೆ ಸ್ವಲ್ಪ ಕಳವಳವಾಗುತ್ತದೆ. ಕಲ್ಲು ಘನ, ಹಾಲು ದ್ರವ, ಗಾಳಿ ಅನಿಲ. ಅಂದರೆ ಲೋಕದ ವಸ್ತುಗಳಲ್ಲಿ ಮೂರು ಜಾತಿಗಳಿವೆ, ಪ್ರತಿಯೊಂದು ವಸ್ತುವೂ ಹುಟ್ಟಿನಿಂದಲೇ ಒಂದಲ್ಲ ಒಂದು ಜಾತಿಗೆ ಸೇರಿದೆ ಎಂದು ಅದು ಕಲಿಯುತ್ತದೆ. ಪಾಠದ ಶೀರ್ಷಿಕೆ ಹೇಳುವುದು ಸ್ಥಿತಿಗಳ ಮಾತು. ಚಿತ್ರ ಕಲಿಸುವುದು ಜಾತಿಗಳ ಮಾತು. ಮನುಷ್ಯನ ಬುದ್ಧಿ ಈ ಎರಡರ ನಡುವಿನ ದೂರವನ್ನು ದಾಟಲು ಎರಡು ಸಾವಿರ ವರ್ಷಗಳಿಗಿಂತ ಹೆಚ್ಚು ಕಾಲ ತೆಗೆದುಕೊಂಡಿತು. ದಾಟಿದ ಮೇಲೆ ಆ ದಾರಿಯನ್ನು ಮಕ್ಕಳಿಗೆ ತೋರಿಸಿಕೊಟ್ಟವರೂ ಇದ್ದರು. ಅವರಲ್ಲಿ ಮುಖ್ಯರಾದ ಇಬ್ಬರ, ಒಬ್ಬ ಗೃಹಿಣಿ ಮತ್ತು ಒಬ್ಬ ಕಮ್ಮಾರನ ಮಗನ, ಕತೆಯನ್ನು ಹೇಳುವುದು ಈ ಲೇಖನದ ಉದ್ದೇಶ.

ಆದರೆ ಕತೆ ಅವರಿಂದ ಆರಂಭವಾಗುವುದಿಲ್ಲ. ನಮ್ಮಲ್ಲಿ ವೈಶೇಷಿಕ ದರ್ಶನದ ಸೂತ್ರಕಾರನಾದ ಕಣಾದ ದ್ರವತ್ವವನ್ನು ಒಂದು ಗುಣವೆಂದು ಎಣಿಸಿದ್ದಾನೆ. ನೀರಿಗೆ ಅದು ಸಹಜ. ಆದರೆ ತುಪ್ಪ, ಅರಗು, ಜೇನುಮೇಣ ಇವು ಬೆಂಕಿಯ ಸಂಪರ್ಕದಿಂದ ಹರಿಯುವಂತಾಗುತ್ತವೆ. ತವರ, ಸೀಸ, ಬೆಳ್ಳಿ, ಬಂಗಾರಗಳೂ ಹಾಗೆಯೇ. ಆಗ ಅವಕ್ಕೂ ನೀರಿಗೂ ಈ ಒಂದು ವಿಷಯದಲ್ಲಿ ಸಾಮ್ಯವಿರುತ್ತದೆ. ನೀರು ಗಟ್ಟಿಯಾಗುವುದಕ್ಕೂ ಕರಗುವುದಕ್ಕೂ ತೇಜಸ್ಸೇ ಕಾರಣವೆಂದು ಅವನು ಬೇರೆಡೆ ಹೇಳುತ್ತಾನೆ. ಅಡುಗೆಮನೆಯನ್ನೂ ಅಕ್ಕಸಾಲಿಗನ ಕುಲುಮೆಯನ್ನೂ ಕಣ್ಣಿಟ್ಟು ನೋಡಿದವನ ಮಾತಿದು. ಮುಂದೆ ಲಂಡನ್ನಿನ ಸಭಾಂಗಣವೊಂದರಲ್ಲಿ ಮಕ್ಕಳ ಮುಂದೆ ಕರಗಲಿರುವ ಮೇಣ ಆ ಪಟ್ಟಿಯಲ್ಲಿ ಆಗಲೇ ಇದೆ ಎಂಬುದು ನನಗೆ ಸಂತೋಷ ಕೊಡುವ ಸಂಗತಿ.

ಹೀಗೆಂದ ಮಾತ್ರಕ್ಕೆ ಎಲ್ಲವೂ ನಮ್ಮ ಹಿರಿಯರಿಗೆ ತಿಳಿದಿತ್ತೆಂದು ಬೀಗುವುದು ಸರಿಯಲ್ಲ. ಕಣಾದನಿಗೆ ಪೃಥ್ವಿ, ಅಪ್ಪು, ತೇಜಸ್ಸು, ವಾಯು ಇವು ಬೇರೆಬೇರೆ ದ್ರವ್ಯಗಳು. ಕರಗಿದ ತುಪ್ಪ ಕರಗಿದ ಪೃಥ್ವಿಯೇ ಹೊರತು ನೀರಲ್ಲ. ವಾಯು ಯಾವಾಗಲೂ ವಾಯುವೇ. ಗ್ರೀಸಿನ ಅರಿಸ್ಟಾಟಲನ ಚತುರ್ಭೂತಗಳು ಒಂದು ಇನ್ನೊಂದಾಗಿ ಮಾರ್ಪಡಬಲ್ಲವಾಗಿದ್ದರೂ, ಅವನಿಗೂ ನೀರು ಕುದಿದು ಮೇಲೇರಿದರೆ ಅದು ಗಾಳಿಯಾಗಿ ಬದಲಾದಂತೆ. ನೀರಾಗಿಯೇ ಉಳಿದು ಗಾಳಿಯ ರೂಪ ತಾಳಿತು ಎಂಬ ಮಾತು ಇಬ್ಬರಲ್ಲೂ ಇಲ್ಲ. ಭೂತ ಬೇರೆ, ಸ್ಥಿತಿ ಬೇರೆ ಎಂಬ ವಿವೇಕ ಹುಟ್ಟಬೇಕಾದರೆ ಮೊದಲು ಗಾಳಿಯನ್ನು ಹಿಡಿಯಬೇಕಾಗಿತ್ತು, ತೂಗಬೇಕಾಗಿತ್ತು.

ಆ ಕೆಲಸ ನಡೆದದ್ದು ಹದಿನೇಳು ಮತ್ತು ಹದಿನೆಂಟನೆಯ ಶತಮಾನಗಳ ಯುರೋಪಿನಲ್ಲಿ. ವಾನ್ ಹೆಲ್ಮಾಂಟ್ ಎಂಬ ಫ್ಲೆಮಿಶ್ ವೈದ್ಯ ಇದ್ದಿಲು ಸುಟ್ಟಾಗ ಹೊರಡುವ, ಪಾತ್ರೆಯಲ್ಲಿ ಹಿಡಿದಿಡಲಾಗದ ಆ ಅವ್ಯಕ್ತ ವಸ್ತುವಿಗೊಂದು ಹೆಸರು ಬೇಕೆಂದು, ಅಸ್ತವ್ಯಸ್ತತೆಯನ್ನು ಸೂಚಿಸುವ ಗ್ರೀಕ್ ಪದವಾದ ‘ಕೇಯಾಸ್’ ಅನ್ನು ತನ್ನ ನಾಲಗೆಗೆ ಒಗ್ಗುವಂತೆ ತಿರುಚಿ ‘ಗ್ಯಾಸ್’ ಎಂದು ಕರೆದ. ಇಂದು ನಮ್ಮ ಅಡುಗೆಮನೆಗಳಲ್ಲಿ ಖಾಲಿಯಾದಾಗ ಗಾಬರಿ ಹುಟ್ಟಿಸುವ ಪದ ಅದೇ. 1750ರ ದಶಕದಲ್ಲಿ ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕ್ ಸುಣ್ಣದ ಕಲ್ಲಿನಲ್ಲಿ ಅಡಗಿರುವ ಗಾಳಿಯನ್ನು ತೂಕದ ಲೆಕ್ಕದಿಂದ ಹೊರಗೆಳೆದ. ಮುಂದೆ ಅವನೇ ಇನ್ನೊಂದು ವಿಚಿತ್ರವನ್ನು ಕಂಡ. ಕರಗುತ್ತಿರುವ ಮಂಜುಗಡ್ಡೆಗೆ ಎಷ್ಟು ಶಾಖ ಕೊಟ್ಟರೂ, ಅದೆಲ್ಲ ನೀರಾಗುವವರೆಗೆ ಉಷ್ಣಮಾಪಕದ ಪಾದರಸ ಮೇಲೇರುವುದಿಲ್ಲ. ಕೊಟ್ಟ ಶಾಖವೆಲ್ಲಿ ಹೋಯಿತು? ಅದು ಸ್ಥಿತಿ ಬದಲಾವಣೆಗೇ ವ್ಯಯವಾಯಿತು, ಒಳಗೆ ಗುಪ್ತವಾಯಿತು ಎಂದು ಬ್ಲ್ಯಾಕ್ ತನ್ನ ವಿದ್ಯಾರ್ಥಿಗಳಿಗೆ ಹೇಳುತ್ತಿದ್ದ.

ಈ ಎಳೆಗಳನ್ನೆಲ್ಲ ಕೂಡಿಸಿ ನೇಯ್ದವನು ಪ್ಯಾರಿಸಿನ ಲವಾಸಿಯೇ. ಬಹುತೇಕ ಎಲ್ಲ ವಸ್ತುಗಳೂ ಘನವಾಗಿ, ದ್ರವವಾಗಿ, ವಾಯುರೂಪವಾಗಿ ಮೂರು ಬಗೆಯಲ್ಲಿ ಇರಬಲ್ಲವು. ಯಾವುದು ಯಾವ ರೂಪದಲ್ಲಿದೆ ಎಂಬುದನ್ನು ನಿರ್ಧರಿಸುವುದು ಅದು ಹೀರಿಕೊಂಡ ಶಾಖ ಮತ್ತು ಅದರ ಮೇಲಿನ ಒತ್ತಡ ಎಂದು ಅವನು ಸಾರಿದ. 1789ರಲ್ಲಿ, ಫ್ರಾನ್ಸಿನ ಮಹಾಕ್ರಾಂತಿಯ ವರ್ಷದಲ್ಲೇ, ಪ್ರಕಟವಾದ ಅವನ ರಸಾಯನಶಾಸ್ತ್ರದ ಪ್ರವೇಶಗ್ರಂಥ ಆರಂಭವಾಗುವುದೇ ಈ ವಿಚಾರದಿಂದ. ಅವನ ಒಂದು ಕಲ್ಪನೆಯಂತೂ ಮಕ್ಕಳ ಕತೆಯ ಹಾಗಿದೆ. ಈ ಭೂಮಿಯನ್ನು ಎತ್ತಿಕೊಂಡು ಹೋಗಿ ಗುರು, ಶನಿಗಳಿರುವ ಚಳಿಯ ಪ್ರದೇಶದಲ್ಲಿಟ್ಟರೆ ಏನಾದೀತು? ನದಿಗಳೆಲ್ಲ ಬೆಟ್ಟಗಳಂತೆ ಗಟ್ಟಿಯಾದಾವು; ಗಾಳಿಯೇ, ಕಡೆಗೆ ಅದರ ಒಂದು ಭಾಗವಾದರೂ, ನಾವು ಕಂಡು ಕೇಳರಿಯದ ಹೊಸ ದ್ರವವಾಗಿ ಹರಿದೀತು. ಗಾಳಿ ಹರಿಯುವುದನ್ನು ಅವನು ಕಂಡವನಲ್ಲ, ಅವನ ಕಾಲದಲ್ಲಿ ಯಾರೂ ಕಂಡವರಲ್ಲ. ಶಾಖವೂ ಒಂದು ಸೂಕ್ಷ್ಮ ದ್ರವವೆಂದು ನಂಬಿ ಅದನ್ನು ಮೂಲವಸ್ತುಗಳ ಪಟ್ಟಿಯಲ್ಲಿ ಸೇರಿಸಿದ್ದು ಅವನ ತಪ್ಪು. ಆದರೆ ಗಾಳಿ ಎಂಬ ಭೂತವನ್ನು ಗಾಳಿ ಎಂಬ ಸ್ಥಿತಿಯನ್ನಾಗಿ ಮಾಡಿದ್ದು ಅವನ ಬುದ್ಧಿ. 1794ರ ಮೇ 8ರಂದು ಕ್ರಾಂತಿಕಾರಿ ಸರಕಾರ ಆ ತಲೆಯನ್ನು ಗಿಲೊಟಿನ್ನಿಗೆ ಕೊಟ್ಟಿತು.

ಇದಾದ ಹನ್ನೆರಡು ವರ್ಷಗಳೊಳಗೆ ಈ ಹೊಸ ವಿಚಾರ ಹದಿಹರೆಯದ ಇಬ್ಬರು ಹುಡುಗಿಯರ ಮಾತುಕತೆಯಾಗಿ ಲಂಡನ್ನಿನ ಪುಸ್ತಕದಂಗಡಿಗಳಿಗೆ ಬಂತು. ಬರೆದವರು ಜೇನ್ ಮಾರ್ಸೆಟ್. 1769ರಲ್ಲಿ ಲಂಡನ್ನಿನಲ್ಲಿ ನೆಲೆಸಿದ್ದ ಸ್ವಿಸ್ ವರ್ತಕನ ಮಗಳಾಗಿ ಹುಟ್ಟಿದವರು; ಮೂವತ್ತನೆಯ ವಯಸ್ಸಿನಲ್ಲಿ ಜಿನೀವಾ ಮೂಲದ ವೈದ್ಯ ಅಲೆಕ್ಸಾಂಡರ್ ಮಾರ್ಸೆಟ್‌ರನ್ನು ಮದುವೆಯಾದರು. ಆಗ ಆಲ್ಬೆಮಾರ್ಲ್ ಬೀದಿಯ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಹಂಫ್ರಿ ಡೇವಿ ಎಂಬ ಯುವಕ ಪ್ರಯೋಗಸಹಿತವಾದ ಉಪನ್ಯಾಸಗಳಿಂದ ಊರನ್ನೇ ಮರುಳು ಮಾಡಿದ್ದ. ಮಾರ್ಸೆಟ್ ಕೂಡ ಹೋದರು. ಕಣ್ಣಿಗೆ ಹಬ್ಬವಾಯಿತು, ಆದರೆ ಮಾತು ತಲೆಗೆ ಹತ್ತಲಿಲ್ಲ. ಮನೆಗೆ ಬಂದು ತಿಳಿದ ಗೆಳೆಯರೊಬ್ಬರೊಡನೆ ಪ್ರಶ್ನೆ ಕೇಳುತ್ತ, ಪ್ರಯೋಗ ಮಾಡಿ ನೋಡುತ್ತ ಹೋದಾಗ ಒಂದೊಂದಾಗಿ ಅರ್ಥವಾಗತೊಡಗಿತು. ಹಾಗಾದರೆ ಉಪನ್ಯಾಸಕ್ಕಿಂತ ಸಂಭಾಷಣೆಯೇ ಕಲಿಕೆಗೆ ಒಳ್ಳೆಯ ದಾರಿಯಲ್ಲವೇ ಎಂದು ಅವರಿಗನ್ನಿಸಿತು. ಗಂಡಸರಿಗೆ ವಿಶ್ವವಿದ್ಯಾಲಯಗಳಿದ್ದವು, ಹೆಣ್ಣುಮಕ್ಕಳಿಗೆ ಅದರ ಬಾಗಿಲು ಮುಚ್ಚಿತ್ತು. 1806ರ ಇಸವಿ ಹೊತ್ತು ಹೊರಬಂದ ಎರಡು ಸಂಪುಟಗಳ ಆ ‘ರಸಾಯನಶಾಸ್ತ್ರದ ಸಂಭಾಷಣೆಗಳು’ ಕೃತಿಯ ಮೇಲೆ ಲೇಖಕಿಯ ಹೆಸರಿರಲಿಲ್ಲ. ಹೆಸರು ಮುದ್ರಣವಾದದ್ದು 1832ರಲ್ಲಿ.

ಪುಸ್ತಕದಲ್ಲಿರುವವರು ಮೂವರೇ: ಶ್ರೀಮತಿ ಬಿ. ಎಂಬ ಶಿಕ್ಷಕಿ, ಗಂಭೀರ ಸ್ವಭಾವದ ಎಮಿಲಿ, ಬಾಯಿಬಡುಕಿ ಕ್ಯಾರೊಲಿನ್. ರಸಾಯನಶಾಸ್ತ್ರವೆಂದರೆ ಔಷಧದಂಗಡಿಯವರ ಕೆಲಸ, ಅದರಲ್ಲೇನು ಸ್ವಾರಸ್ಯ ಎಂದು ಕ್ಯಾರೊಲಿನ್ ಆರಂಭದಲ್ಲೇ ಮೂಗು ಮುರಿಯುತ್ತಾಳೆ. ಪ್ರಕೃತಿಗೂ ತನ್ನದೇ ಆದ ಪ್ರಯೋಗಶಾಲೆಯುಂಟು ಎಂದು ಶ್ರೀಮತಿ ಬಿ. ಅವಳನ್ನು ಒಳಗೆ ಕರೆಯುತ್ತಾರೆ. ಗಮನಿಸಬೇಕಾದದ್ದು ಪಾಠದ ಅನುಕ್ರಮ. ಮೊದಲು ಬರುವುದು ಮೂರು ಸ್ಥಿತಿಗಳ ಲಕ್ಷಣವಲ್ಲ. ಮೊದಲು ಬರುವುದು ಶಾಖ. ಶಾಖ ಒಳಹೊಕ್ಕರೆ ವಸ್ತು ಹಿಗ್ಗುತ್ತದೆ, ಕರಗುತ್ತದೆ, ಕುದಿಯುತ್ತದೆ, ಮಾಯವಾದಂತೆ ತೋರುತ್ತದೆ. ಹೊರಬಂದರೆ ಎಲ್ಲವೂ ಹಿಂದುಮುಂದಾಗಿ ನಡೆಯುತ್ತದೆ. ಬ್ಲ್ಯಾಕ್‌ನ ಗುಪ್ತಶಾಖದ ತೊಡಕು ಕೂಡ ಅಲ್ಲಿದೆ. ಹುಡುಗಿಯರು ತಪ್ಪು ಊಹೆ ಮಾಡುತ್ತಾರೆ, ಆಕ್ಷೇಪಿಸುತ್ತಾರೆ, ಒಮ್ಮೊಮ್ಮೆ ತಮ್ಮತಮ್ಮಲ್ಲೇ ವಾದಿಸುತ್ತಾರೆ. ಓದುವ ಮಗುವಿಗೆ ಬರಬಹುದಾದ ಸಂಶಯ ಪುಟದ ಮೇಲೆ ಅದಕ್ಕಿಂತ ಮೊದಲೇ ಕ್ಯಾರೊಲಿನ್ನಳ ಬಾಯಲ್ಲಿ ಬಂದಿರುತ್ತದೆ.

ಪುಸ್ತಕ ಇಂಗ್ಲೆಂಡಿನಲ್ಲಿ ಹದಿನಾರು ಆವೃತ್ತಿಗಳನ್ನು ಕಂಡಿತು. ಅಮೆರಿಕದಲ್ಲಿ ಅದನ್ನು ಶಾಲಾಪಠ್ಯವನ್ನಾಗಿ ಅಳವಡಿಸಿದ ಗಂಡಸರು ಮುಖಪುಟದಲ್ಲಿ ತಮ್ಮ ಹೆಸರುಗಳನ್ನು ಧಾರಾಳವಾಗಿ ಅಚ್ಚು ಹಾಕಿಸಿಕೊಂಡರು. ಈ ಬಗೆಯ ಧಾರಾಳ ಸಾಹಿತ್ಯಲೋಕದಲ್ಲಿ ಹೊಸದಲ್ಲವಾದ್ದರಿಂದ ಅದನ್ನು ಬೆಳೆಸುವುದು ಬೇಡ.

ಮಾರ್ಸೆಟ್ ಬರೆದದ್ದು ಹೆಣ್ಣುಮಕ್ಕಳಿಗಾಗಿ. ಆದರೆ ಆ ಪುಸ್ತಕದ ಅತ್ಯಂತ ಪ್ರಸಿದ್ಧ ಓದುಗ ಲಂಡನ್ನಿನ ಬ್ಲಾಂಡ್‌ಫರ್ಡ್ ಬೀದಿಯ ಅಂಗಡಿಯೊಂದರಲ್ಲಿ ಪುಸ್ತಕಗಳಿಗೆ ರಟ್ಟು ಕಟ್ಟುವ ಕೆಲಸ ಕಲಿಯುತ್ತಿದ್ದ ಹುಡುಗ. ಮೈಕೆಲ್ ಫ್ಯಾರಡೆ, 1791ರಲ್ಲಿ ಹುಟ್ಟಿದ ಕಮ್ಮಾರನ ಮಗ. ಓದು ಬರಹ ಲೆಕ್ಕಗಳಷ್ಟರಲ್ಲಿ ಶಾಲೆ ಮುಗಿದಿತ್ತು. ಹಗಲು ಹೊಲಿದ ಪುಸ್ತಕಗಳನ್ನು ಬಿಡುವಿನಲ್ಲಿ ಓದುತ್ತಿದ್ದ. ಸುಲಭವಾಗಿ ನಂಬುವ ಸ್ವಭಾವ ತನ್ನದು, ವಿಶ್ವಕೋಶವನ್ನು ನಂಬಿದಷ್ಟೇ ಸಲೀಸಾಗಿ ಅರಬ್ಬಿ ರಾತ್ರಿಗಳ ಕತೆಗಳನ್ನೂ ನಂಬಬಲ್ಲೆನಾಗಿದ್ದೆ ಎಂಬ ಅರ್ಥದ ಮಾತನ್ನು ಮುಂದೆ ಅವರೇ ಹೇಳಿಕೊಂಡಿದ್ದಾರೆ. ಅದಕ್ಕೇ ಮಾರ್ಸೆಟ್ಟರ ಪುಸ್ತಕವನ್ನು ಕೈಗೆಟಕುವ ಚಿಕ್ಕ ಪ್ರಯೋಗಗಳಿಂದ ಪರೀಕ್ಷಿಸಿ ನೋಡಿದರು. ಹೇಳಿದ್ದು ಹೇಳಿದಂತೆಯೇ ನಡೆಯಿತು. ಅಂದಿನಿಂದ ಆ ಪುಸ್ತಕ ಅವರಿಗೆ ಲಂಗರಾಯಿತು. ವಿಶ್ವವಿಖ್ಯಾತರಾದ ಮೇಲೂ ತಮ್ಮ ಸಂಶೋಧನ ಪ್ರಬಂಧಗಳ ಪ್ರತಿಗಳನ್ನು ಗುರುಕಾಣಿಕೆಯಂತೆ ಮಾರ್ಸೆಟ್ಟರಿಗೆ ಕಳುಹಿಸುತ್ತಿದ್ದರು.

ಅಂಗಡಿಗೆ ಬರುತ್ತಿದ್ದ ಗಿರಾಕಿಯೊಬ್ಬರು ಕೊಟ್ಟ ಚೀಟಿಯಿಂದ 1812ರಲ್ಲಿ ಡೇವಿಯ ಉಪನ್ಯಾಸಗಳನ್ನು ಕೇಳಿದ್ದು, ಟಿಪ್ಪಣಿಗಳನ್ನು ಅಂದವಾಗಿ ರಟ್ಟು ಕಟ್ಟಿ ಡೇವಿಗೇ ಕಳುಹಿಸಿದ್ದು, 1813ರ ಮಾರ್ಚಿನಲ್ಲಿ ರಾಯಲ್ ಇನ್‌ಸ್ಟಿಟ್ಯೂಷನ್ನಿನ ಸಹಾಯಕನಾಗಿ ಸೇರಿ ಅಲ್ಲಿಯೇ ಅಟ್ಟದ ಕೋಣೆಗಳಲ್ಲಿ ವಾಸಕ್ಕೆ ಬಂದದ್ದು, ಇವೆಲ್ಲ ಪ್ರಸಿದ್ಧವಾದ ಸಂಗತಿಗಳು. ನಮ್ಮ ವಿಷಯಕ್ಕೆ ಬೇಕಾದದ್ದು ಅಷ್ಟಾಗಿ ಪ್ರಚಾರದಲ್ಲಿಲ್ಲದ ಒಂದು ಘಟನೆ.

1823ರಲ್ಲಿ ಫ್ಯಾರಡೆ ಕ್ಲೋರಿನ್ ಮತ್ತು ನೀರು ಸೇರಿದ ಹರಳುಗಳನ್ನು ಗಾಜಿನ ನಳಿಕೆಯಲ್ಲಿಟ್ಟು, ಬಾಯಿ ಮುಚ್ಚಿ ಬೆಸೆದು, ಕಾಯಿಸುತ್ತಿದ್ದರು. ಪ್ರಯೋಗಾಲಯಕ್ಕೆ ಬಂದ ಡಾಕ್ಟರ್ ಪ್ಯಾರಿಸ್ ಎಂಬ ಪರಿಚಿತರು ನಳಿಕೆಯೊಳಗೆ ಎಣ್ಣೆಯಂಥ ಹನಿಗಳನ್ನು ಕಂಡು, ಕೊಳಕು ಪಾತ್ರೆಯಲ್ಲಿ ಪ್ರಯೋಗ ಮಾಡುವುದೇ ಎಂದು ಛೇಡಿಸಿದರು. ಫ್ಯಾರಡೆ ನಳಿಕೆಯ ತುದಿಯನ್ನು ಅರದಿಂದ ಉಜ್ಜಿ ಮುರಿದರು. ಒಳಗಿದ್ದುದು ಸದ್ದಿನೊಡನೆ ಸಿಡಿಯಿತು, ಎಣ್ಣೆ ಮಾಯವಾಯಿತು. ಮರುದಿನ ಡಾಕ್ಟರಿಗೆ ಒಂದು ಸಾಲಿನ ಚೀಟಿ ಹೋಯಿತು: ನಿನ್ನೆ ತಾವು ಕಂಡ ಎಣ್ಣೆ ದ್ರವರೂಪದ ಕ್ಲೋರಿನ್ ಎಂದು ತಿಳಿದುಬಂದಿದೆ. ಹಸಿರು ಹಳದಿಯ ಗಾಳಿ ತನ್ನದೇ ಒತ್ತಡದಿಂದ ಹನಿಯಾಗಿತ್ತು. ಮುಂದಿನ ವಾರಗಳಲ್ಲಿ ಅಮೋನಿಯ, ಗಂಧಕದ ಡೈಆಕ್ಸೈಡ್, ಇಂಗಾಲದ ಡೈಆಕ್ಸೈಡ್ ಮೊದಲಾದವೂ ದ್ರವಗಳಾದವು. ನಳಿಕೆಗಳು ಸಿಡಿದು ಗಾಜಿನ ಚೂರುಗಳು ಅವರ ಕಣ್ಣಿಗೆ ಬಿದ್ದದ್ದೂ ಉಂಟು. 1845ರಲ್ಲಿ ಇನ್ನಷ್ಟು ತೀವ್ರವಾದ ಶೀತವನ್ನು ಬಳಸಿ ಮತ್ತೆ ಪ್ರಯತ್ನಿಸಿದಾಗ ಆರು ಅನಿಲಗಳು ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಆಮ್ಲಜನಕ, ಜಲಜನಕ, ಸಾರಜನಕಗಳು ಅವುಗಳಲ್ಲಿ ಸೇರಿದ್ದವು. ಅವುಗಳಿಗೆ ‘ಶಾಶ್ವತ ಅನಿಲ’ಗಳೆಂಬ ಹೆಸರು ಬಿತ್ತು. ಲವಾಸಿಯೇ ಕಂಡ ಕನಸು ಹೀಗೆ ಅರ್ಧ ನಿಜವಾಗಿ ನಿಂತಿತು.

ಸ್ಥಿತಿ ಬದಲಾವಣೆಯನ್ನು ಕಣ್ಣು ಪಣಕ್ಕಿಟ್ಟು ಕಲಿತ ಈ ಮನುಷ್ಯನೇ ಮಕ್ಕಳಿಗೆ ಅದನ್ನು ಕಲಿಸಲು ನಿಂತದ್ದು. ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಕ್ರಿಸ್‌ಮಸ್ ರಜೆಯ ಮಕ್ಕಳ ಉಪನ್ಯಾಸಗಳು 1825ರಲ್ಲಿ ಆರಂಭವಾದವು. ಫ್ಯಾರಡೆ 1827ರಿಂದ 1860ರವರೆಗೆ ಹತ್ತೊಂಬತ್ತು ಮಾಲೆಗಳನ್ನು ನಡೆಸಿದರು. 1855ರ ಉಪನ್ಯಾಸಕ್ಕೆ ರಾಣಿಯ ಪತಿ ಆಲ್ಬರ್ಟ್ ತನ್ನ ಗಂಡುಮಕ್ಕಳೊಂದಿಗೆ ಮುಂದಿನ ಸಾಲಿನಲ್ಲಿ ಕುಳಿತಿದ್ದ. ಫ್ಯಾರಡೆ ದಂಪತಿಗಳಿಗೆ ಮಕ್ಕಳಿರಲಿಲ್ಲ. ಕೊನೆಯ ಮಾಲೆ 1860ರ ಡಿಸೆಂಬರಿನ ಕೊನೆಯಲ್ಲಿ ಆರಂಭವಾದಾಗ ಅವರಿಗೆ ಅರವತ್ತೊಂಬತ್ತು, ನೆನಪು ಕೈಕೊಡುತ್ತಿತ್ತು. ವಿಷಯ ಮಾತ್ರ ಹನ್ನೆರಡು ವರ್ಷ ಹಿಂದೆ ಒಮ್ಮೆ ಮಾಡಿದ್ದೇ: ಒಂದು ಮೇಣದ ಬತ್ತಿ.

ಆರು ಉಪನ್ಯಾಸಗಳಿಗೆ ಒಂದೇ ಬತ್ತಿ. ಮಕ್ಕಳೊಡನೆ ತಾನೂ ಒಬ್ಬ ಬಾಲಕನಾಗಿ ಮಾತಾಡುವ ಹಕ್ಕು ತನಗಿದೆ ಎಂದು ಆರಂಭದಲ್ಲೇ ಅನುಮತಿ ಕೇಳಿಕೊಂಡ ಆ ಮುದುಕ ಮೊದಲು ಬತ್ತಿಗಳ ಸಂಗ್ರಹವನ್ನು ತೋರಿಸುತ್ತಾರೆ. ಅವುಗಳಲ್ಲೊಂದು 1782ರಲ್ಲಿ ಮುಳುಗಿದ ರಾಯಲ್ ಜಾರ್ಜ್ ಎಂಬ ಯುದ್ಧನೌಕೆಯಿಂದ ಮೇಲೆತ್ತಿದ್ದು. ದಶಕಗಳ ಕಾಲ ಉಪ್ಪುನೀರಿನಲ್ಲಿದ್ದರೂ ಹಚ್ಚಿದೊಡನೆ ಉರಿಯುತ್ತದೆ. ಬಳಿಕ ಉರಿಯುವ ಬತ್ತಿಯ ತುದಿಯಲ್ಲಿರುವ ಚಿಕ್ಕ ಬಟ್ಟಲನ್ನು ನೋಡಿ ಎನ್ನುತ್ತಾರೆ. ಜ್ವಾಲೆಯ ಶಾಖ ಮೇಣವನ್ನು ಕರಗಿಸುತ್ತದೆ. ಕೆಳಗಿನಿಂದ ಏರುವ ತಂಪು ಗಾಳಿ ಅಂಚನ್ನು ಗಟ್ಟಿಯಾಗಿ ಉಳಿಸುತ್ತದೆ. ಹೀಗೆ ಬತ್ತಿ ತನಗೆ ಬೇಕಾದ ಪಾತ್ರೆಯನ್ನು ತಾನೇ ಮಾಡಿಕೊಳ್ಳುತ್ತದೆ. ಒಂದೇ ವಸ್ತು, ಅಂಗುಲದ ಅಂತರದಲ್ಲಿ, ಪಾತ್ರೆಯೂ ಹೌದು ಪಾತ್ರೆಯೊಳಗಿನ ದ್ರವವೂ ಹೌದು. ಘನ ಮತ್ತು ದ್ರವಗಳಿಗೆ ಎರಡು ಚೌಕಗಳು ಬೇಕಿಲ್ಲವಾಯಿತು.

ಮೂರನೆಯ ರೂಪವನ್ನು ತೋರಿಸುವುದೇ ಕಷ್ಟ, ಅದು ಕಾಣುವುದಿಲ್ಲ. ಫ್ಯಾರಡೆ ಬತ್ತಿಯನ್ನು ಮೆಲ್ಲನೆ ಊದಿ ಆರಿಸುತ್ತಾರೆ. ಒಂದು ಎಳೆ ಹೊಗೆಯಂಥದ್ದು ಮೇಲೇಳುತ್ತದೆ. ಉರಿಯುವ ಕಡ್ಡಿಯನ್ನು ದೀಪದ ತುದಿಗೆ ಮುಟ್ಟಿಸದೆ, ಎರಡು ಮೂರು ಅಂಗುಲ ದೂರದಲ್ಲಿ ಆ ಎಳೆಗೆ ಹಿಡಿದರೆ, ಬೆಂಕಿ ಗಾಳಿಯಲ್ಲಿ ಓಡಿ ಬಂದು ಬತ್ತಿಯನ್ನು ಹೊತ್ತಿಸುತ್ತದೆ. ಕಣ್ಣಿಗೆ ಕಾಣದಿದ್ದರೂ ಅಲ್ಲಿ ಮೇಣವಿದೆ. ಮಗು ಇನ್ನೂ ನಂಬದಿದ್ದರೆ ಮುಂದಿನದು ಇದೆ. ಬಾಗಿದ ಗಾಜಿನ ಕೊಳವೆಯ ಒಂದು ತುದಿಯನ್ನು ಜ್ವಾಲೆಯ ನಡುವಿನ ಕಪ್ಪು ಭಾಗದೊಳಗಿಟ್ಟರೆ, ಇನ್ನೊಂದು ತುದಿಯಿಂದ ಭಾರವಾದ ಆವಿಯೊಂದು ಇಳಿದು ಸೀಸೆಯ ತಳದಲ್ಲಿ ಕೂಡುತ್ತದೆ, ತಣಿದು ಮತ್ತೆ ಮೇಣವಾಗುತ್ತದೆ. ಹೋದದ್ದು ಮರಳಿ ಬಂತು. ಆ ತುದಿಗೇ ಕಡ್ಡಿ ಹಚ್ಚಿದರೆ ಅಲ್ಲೂ ಒಂದು ಜ್ವಾಲೆ. ಇಲ್ಲಿ ಅವರು ಮಕ್ಕಳಿಗೊಂದು ಸೂಕ್ಷ್ಮವನ್ನು ಹೇಳುತ್ತಾರೆ: ಹಾಗೆಯೇ ಉಳಿಯುವುದು ಅನಿಲ, ತಣಿದು ಗಟ್ಟಿಯಾಗುವುದು ಆವಿ. ಆರು ‘ಶಾಶ್ವತ’ಗಳೊಡನೆ ಸೋತವರ ಮಾತದು.

ಮೂರನೆಯ ಉಪನ್ಯಾಸದಲ್ಲಿ ನೀರಿನ ಸರದಿ. ಉರಿಯುವ ಬತ್ತಿಯ ಮೇಲೆ ಮಂಜುಗಡ್ಡೆ ತುಂಬಿದ ಪಾತ್ರೆ ಹಿಡಿದರೆ ಅದರ ತಳದಲ್ಲಿ ನೀರ ಹನಿ ಮೂಡುತ್ತದೆ, ಬೆಂಕಿಯಿಂದ ನೀರು! ಅಲ್ಲಿಂದ ಮಾತು ಮಂಜುಗಡ್ಡೆ, ನೀರು, ಹಬೆಗಳಿಗೆ ತಿರುಗುತ್ತದೆ. ಮೂರೂ ಒಂದೇ ನೀರು, ಒಂದು ಘನ ಅಂಗುಲ ನೀರು ಹಬೆಯಾದರೆ ಒಂದು ಘನ ಅಡಿಯಷ್ಟು ಜಾಗ ಬೇಡುತ್ತದೆ ಎನ್ನುತ್ತ, ಹಬೆ ತುಂಬಿ ಮುಚ್ಚಿದ ತಗಡಿನ ಪಾತ್ರೆಯ ಮೇಲೆ ತಣ್ಣೀರು ಸುರಿದು ಅದು ಮುದುರಿ ಬೀಳುವುದನ್ನು ತೋರಿಸುತ್ತಾರೆ. ಈ ನಡುವೆ ಅಂಗುಲದ ಮೂರನೆಯ ಒಂದು ಭಾಗದಷ್ಟು ದಪ್ಪದ ಬೀಡುಕಬ್ಬಿಣದ ಸೀಸೆಗಳಲ್ಲಿ ನೀರು ತುಂಬಿ, ತಿರುಪು ಬಿಗಿದು, ಉಪ್ಪು ಬೆರೆಸಿದ ಮಂಜಿನಲ್ಲಿ ಹೂತಿಟ್ಟಿರುತ್ತಾರೆ. ಪಾಠ ಬೇರೆಡೆ ಹೊರಳಿದಾಗ ಅವು ಬಿರಿಯುತ್ತವೆ. ನೀರು ಗಟ್ಟಿಯಾಗುವಾಗ ಹಿಗ್ಗುತ್ತದೆ ಎಂಬುದನ್ನು ಆ ಮಕ್ಕಳು ಬಾಯಿಪಾಠ ಮಾಡಬೇಕಾಗಿರಲಿಲ್ಲ.

ಎಲ್ಲಿಯೂ ಅವರು ಲಕ್ಷಣವಾಕ್ಯದಿಂದ ಹೊರಡುವುದಿಲ್ಲ. ಒಂದು ಫಲ ಕಂಡರೆ, ವಿಶೇಷವಾಗಿ ಅದು ಹೊಸದಾಗಿದ್ದರೆ, ಕಾರಣವೇನೆಂದು ಕೇಳಿಕೊಳ್ಳಿ ಎಂಬುದೊಂದೇ ಅವರ ಒತ್ತಾಯ. ಶೀಘ್ರಲಿಪಿಯಲ್ಲಿ ಬರೆದುಕೊಂಡ ಆ ಮಾತುಗಳನ್ನು ವಿಲಿಯಂ ಕ್ರೂಕ್ಸ್ 1861ರಲ್ಲಿ ಪುಸ್ತಕವಾಗಿ ತಂದರು. ಅದಕ್ಕೂ ಮೊದಲೇ ಡಿಕನ್ಸ್ ತನ್ನ ವಾರಪತ್ರಿಕೆಗಾಗಿ ಫ್ಯಾರಡೆಯವರಿಂದ ಹಿಂದಿನ ಉಪನ್ಯಾಸಗಳ ಟಿಪ್ಪಣಿಗಳನ್ನು ಬೇಡಿ ಪಡೆದಿದ್ದ. 1850ರಲ್ಲಿ ಅವುಗಳ ಆಧಾರದ ಲೇಖನ ಅಲ್ಲಿ ಪ್ರಕಟವಾಯಿತು. ಅದೇ ಡಿಕನ್ಸ್ ನಾಲ್ಕು ವರ್ಷಗಳ ಮೇಲೆ ‘ಹಾರ್ಡ್ ಟೈಮ್ಸ್’ ಕಾದಂಬರಿಯಲ್ಲಿ ಬೇರೊಂದು ತರಗತಿಯನ್ನು ಚಿತ್ರಿಸಿದ: ಕುದುರೆಗಳ ನಡುವೆಯೇ ಬೆಳೆದ ಹುಡುಗಿಗೆ ಕುದುರೆಯೆಂದರೇನೆಂದು ಹೇಳಲು ಬಾರದು; ಕುದುರೆಯ ಹಲ್ಲಿನ ಲೆಕ್ಕ ಒಪ್ಪಿಸಿದ ಹುಡುಗ ಜಾಣನೆನಿಸಿಕೊಳ್ಳುತ್ತಾನೆ. ಆ ಶತಮಾನದಲ್ಲಿ ಬೆಳೆದ ‘ವಸ್ತುಪಾಠ’ದ ಪದ್ಧತಿಗೂ ಕ್ರಮೇಣ ಇದೇ ಗತಿಯಾಯಿತು. ಮಗುವಿನ ಕೈಗೆ ವಸ್ತುವನ್ನು ಕೊಟ್ಟು ಗಮನಿಸಲು ಕಲಿಸಬೇಕೆಂಬ ಪೆಸ್ಟಲೋಜ್ಜಿಯ ಆಶಯ ವಿಶೇಷಣಗಳ ಪಟ್ಟಿಯಾಗಿ ಒಣಗಿತು. ನಮ್ಮ ಮೂರು ಚೌಕಗಳ ಪುಟಕ್ಕೂ ಆ ಪಟ್ಟಿಯ ಮುಖಚಹರೆಯೇ ಇದೆ.

ಮಗುವಿನ ಮನಸ್ಸಿನಲ್ಲಿ ಏನು ನಡೆಯುತ್ತದೆಂದು ಕ್ರಮವಾಗಿ ಕೇಳಿ ನೋಡಿದವರು ಮಾರ್ಸೆಟ್ಟರ ಪೂರ್ವಜರ ನಾಡಾದ ಸ್ವಿಟ್ಜರ್ಲೆಂಡಿನವರೇ. ಜಿನೀವಾದ ಪಿಯಾಜೆ ಮತ್ತು ಇನ್‌ಹೆಲ್ಡರ್ 1941ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನೀರಿಗೆ ಹಾಕಿದ ಸಕ್ಕರೆಯ ಪ್ರಸಂಗ ಬರುತ್ತದೆ. ಸಣ್ಣ ಮಕ್ಕಳಿಗೆ ಕರಗಿದ ಸಕ್ಕರೆ ಇಲ್ಲವಾದಂತೆಯೇ. ಸಿಹಿ ಉಳಿದಿದೆ ಅಷ್ಟೆ, ಅದೂ ಹೋದೀತು. ಸ್ವಲ್ಪ ದೊಡ್ಡವರಾದಾಗ ಸಕ್ಕರೆ ಅಲ್ಲೇ ಇದೆ ಎಂದು ಒಪ್ಪುತ್ತಾರೆ, ಆದರೆ ಅದಕ್ಕೆ ತೂಕವಿದೆ ಎಂದು ಒಪ್ಪುವುದಕ್ಕೆ ಇನ್ನೂ ಕೆಲವು ವರ್ಷ ಬೇಕು. ಅದು ಜಾಗ ಹಿಡಿಯುತ್ತದೆ ಎಂಬುದಕ್ಕೆ ಮತ್ತೂ ಹೆಚ್ಚು. ಕಾಣದ್ದು ಇದೆ, ಇರುವುದಕ್ಕೆ ತೂಕವಿದೆ: ಬ್ಲ್ಯಾಕ್ ಮತ್ತು ಲವಾಸಿಯೇ ತಕ್ಕಡಿ ಹಿಡಿದು ಏರಿದ ಮೆಟ್ಟಿಲುಗಳನ್ನೇ ಪ್ರತಿ ಮಗುವೂ ಏರಬೇಕಾಗಿದೆ. ಬಲೂನಿನ ಚಿತ್ರ ಆ ಮೆಟ್ಟಿಲಲ್ಲ. ನಮ್ಮ ದೇಶದಲ್ಲಿ 1972ರಲ್ಲಿ ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯ ಹದಿನಾರು ಹಳ್ಳಿಶಾಲೆಗಳಲ್ಲಿ ಮಕ್ಕಳೇ ಪ್ರಯೋಗ ಮಾಡಿ ಕಲಿಯುವ ಕ್ರಮವೊಂದು ಆರಂಭವಾಗಿ ನೂರಾರು ಶಾಲೆಗಳಿಗೆ ಹಬ್ಬಿತ್ತು. 2002ರಲ್ಲಿ ಸರಕಾರವೇ ಅದನ್ನು ನಿಲ್ಲಿಸಿತು. ಮೂರು ಚೌಕಗಳ ಪುಟಕ್ಕೆ ಅಂಥ ಅಪಾಯ ಎಂದೂ ಬಂದದ್ದಿಲ್ಲ.

ಕನ್ನಡದಲ್ಲಿ ವಿಜ್ಞಾನವನ್ನು ಹೇಳಬೇಕೆಂದು ಹೊರಟವರ ಮುಂದೆ ಈ ತೊಡಕು ಪದಗಳ ರೂಪದಲ್ಲಿಯೂ ನಿಂತಿತ್ತು. ಬೆಳ್ಳಾವೆ ವೆಂಕಟನಾರಣಪ್ಪನವರು ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರು 1918ರಲ್ಲಿ ಬೆಂಗಳೂರಿನಿಂದ ‘ವಿಜ್ಞಾನ’ ಮಾಸಪತ್ರಿಕೆಯನ್ನು ಹೊರಡಿಸಿದಾಗಲೂ, ಶಿವರಾಮ ಕಾರಂತರು ಒಬ್ಬರೇ ಕುಳಿತು ಮಕ್ಕಳಿಗಾಗಿ ‘ಬಾಲ ಪ್ರಪಂಚ’ವನ್ನು ರಚಿಸಿದಾಗಲೂ, ಪಾರಿಭಾಷಿಕ ಪದಗಳನ್ನು ಹುಡುಕುವುದು ಹೆಜ್ಜೆಹೆಜ್ಜೆಗೂ ಎದುರಾಗುವ ಕೆಲಸವಾಗಿತ್ತು. ನಾವೀಗ ಬಳಸುವ ಮೂರು ಪದಗಳೂ ಸಂಸ್ಕೃತದವು. ‘ದ್ರವ’ ಹರಿಯುವುದು, ಸರಿ. ‘ದ್ರವ್ಯ’ಕ್ಕೂ ಅದಕ್ಕೂ ಒಂದು ಒತ್ತಕ್ಷರದ ಅಂತರ ಮಾತ್ರ ಎಂಬುದು ಮಕ್ಕಳ ಉತ್ತರಪತ್ರಿಕೆಗಳಿಗೆ ಬಿಟ್ಟ ವಿಷಯ. ‘ಅನಿಲ’ ಗಾಳಿಯ ಹೆಸರು, ಭೂತದ ಹೆಸರೇ ಸ್ಥಿತಿಯ ಹೆಸರೂ ಆದದ್ದು. ‘ಘನ’ದ ಕತೆ ಎಲ್ಲಕ್ಕಿಂತ ವಿಚಿತ್ರ. ಗಟ್ಟಿಯಾದದ್ದೂ ಘನ, ಗಣಿತದ ಮೂರನೆಯ ಘಾತವೂ ಘನ, ದೊಡ್ಡ ಮನುಷ್ಯನೂ ಘನ. ಹಳೆಯ ಕಾವ್ಯದಲ್ಲಿ ಮೋಡವೂ ಘನವೇ. ಇನ್ನೇನು ಹನಿಯಾಗಲಿರುವ ಮೋಡಕ್ಕೂ ಕಲ್ಲಿಗೂ ಒಂದೇ ಹೆಸರಿಟ್ಟ ಭಾಷೆ ಮೂರು ಚೌಕಗಳಲ್ಲಿ ಹಿಡಿಯುವುದು ಕಷ್ಟ.

ಆದರೆ ಸ್ಥಿತಿಗಳ ನಡುವಣ ಹಾದಿಗೆ ಮಾತ್ರ ಅಚ್ಚಗನ್ನಡದಲ್ಲಿ ಪದಗಳಿಗೆ ಬರವಿಲ್ಲ. ಕರಗು, ಹೆಪ್ಪುಗಟ್ಟು, ಆರು, ಇಂಗು, ಬತ್ತು, ಹನಿಗೂಡು. ಆವಿ, ಹಬೆ, ಉಗಿ, ಇಬ್ಬನಿ, ಆಲಿಕಲ್ಲು. ಒದ್ದೆ ಬಟ್ಟೆ ಆರಿದಾಗ ನೀರೆಲ್ಲಿ ಹೋಯಿತು ಎಂಬ ಪ್ರಶ್ನೆಯನ್ನು ‘ಆರಿತು’ ಎಂಬ ಕ್ರಿಯಾಪದವೇ ಹೊತ್ತು ತರುತ್ತದೆ. ಅನಿಲ ಬೇರೆ, ಆವಿ ಬೇರೆ ಎಂದು ಫ್ಯಾರಡೆ ಮಕ್ಕಳಿಗೆ ಹೇಳಬೇಕಾಗಿ ಬಂದ ಭೇದವನ್ನು ನಮ್ಮ ಅಡುಗೆಮನೆಯ ಮಾತು ಮೊದಲಿನಿಂದಲೂ ಇಟ್ಟುಕೊಂಡಿದೆ. ನಮ್ಮ ಮಕ್ಕಳು ಶಾಲೆಯಲ್ಲಿ ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಮರಾಠಿಯಲ್ಲೋ ಮೂರು ನಾಮಪದಗಳನ್ನು ಕಲಿತು ಬರುತ್ತಾರೆ. ಈ ಕ್ರಿಯಾಪದಗಳು ಅವರಿಗೆ ಸಿಗಬೇಕಾದರೆ ಮನೆಯಲ್ಲೇ ಸಿಗಬೇಕು.

ಫ್ಯಾರಡೆಯವರ ಮರಣಾನಂತರ ಆರು ‘ಶಾಶ್ವತ’ಗಳೂ ಒಂದೊಂದಾಗಿ ಸೋತವು. 1877ರ ಕೊನೆಯಲ್ಲಿ ಆಮ್ಲಜನಕದ ಮಂಜು ಕಾಣಿಸಿತು; 1883ರಲ್ಲಿ ಪೋಲೆಂಡಿನ ಕ್ರಾಕೊವ್‌ನಲ್ಲಿ ಅದು ನಳಿಕೆಯಲ್ಲಿ ನಿಲ್ಲುವ ದ್ರವವಾಯಿತು. 1893ರ ಕ್ರಿಸ್‌ಮಸ್ಸಿಗೆ ಆಲ್ಬೆಮಾರ್ಲ್ ಬೀದಿಯ ಅದೇ ಸಭಾಂಗಣದಲ್ಲಿ ಜೇಮ್ಸ್ ಡ್ಯೂವಾರ್ ಮಕ್ಕಳಿಗೆ ಮಾಡಿದ ಉಪನ್ಯಾಸಮಾಲೆಯ ವಿಷಯ ಅನಿಲರೂಪದ ಮತ್ತು ದ್ರವರೂಪದ ಗಾಳಿ. ಆ ದ್ರವಗಳನ್ನು ಹಿಡಿದಿಡಲು ಅವರು ಮಾಡಿಸಿದ ಎರಡು ಗೋಡೆಯ ಗಾಜಿನ ಪಾತ್ರೆಯೇ ರೈಲುಪ್ರಯಾಣದಲ್ಲಿ ನಾವು ಕಾಫಿ ಒಯ್ಯುವ ಥರ್ಮಾಸ್ ಫ್ಲಾಸ್ಕಿನ ಮೂಲ.

ದ್ರವಗಾಳಿ ನಮಗೆಟುಕುವುದಲ್ಲ, ಆದರೆ ಲವಾಸಿಯೇ ಭೂಮಿಯನ್ನೇ ಶನಿಯತ್ತ ಒಯ್ದು ಕಲ್ಪಿಸಿಕೊಂಡ ಪ್ರಯೋಗ ಹೊರನಾಡಿನ ಕನ್ನಡ ಮನೆಗಳಲ್ಲಿ ಪ್ರತಿ ಚಳಿಗಾಲವೂ ತಾನಾಗಿಯೇ ನಡೆಯುತ್ತದೆ. ಕೊಬ್ಬರಿ ಎಣ್ಣೆ ಕರಗುವುದು ಸುಮಾರು 24 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಉಡುಪಿಯಲ್ಲಿ ಅಜ್ಜಿಯ ಸೀಸೆಯಲ್ಲಿ ಅದು ವರ್ಷದ ಬಹುಪಾಲು ಎಣ್ಣೆಯೇ. ದಿಲ್ಲಿಯ ಡಿಸೆಂಬರಿನಲ್ಲಿ, ಪುಣೆಯ ಜನವರಿಯ ಬೆಳಗಿನಲ್ಲಿ ಅದೇ ಎಣ್ಣೆ ಬೆಳ್ಳಗೆ ಕಲ್ಲಾಗಿರುತ್ತದೆ, ಬಿಸಿಲಿಗಿಟ್ಟರೆ ಮತ್ತೆ ಹರಿಯುತ್ತದೆ. ಅದು ಘನವೋ ದ್ರವವೋ ಎಂದು ಕೇಳಿದರೆ ಪುಸ್ತಕದ ಮೂರು ಚೌಕಗಳಲ್ಲಿ ಉತ್ತರವಿಲ್ಲ. ಎಣ್ಣೆ ಕರಗಿರುವಾಗ ಪಾರದರ್ಶಕ ಸೀಸೆಯ ಹೊರಗೆ ಅದರ ಮಟ್ಟಕ್ಕೆ ಸರಿಯಾಗಿ ಒಂದು ಗೆರೆ ಎಳೆದಿಡಬೇಕು. ಹೆಪ್ಪುಗಟ್ಟಿದ ಮೇಲೆ ಮಗು ನೋಡಿದರೆ ನಡುವೆ ಗುಳಿ ಬಿದ್ದು ಎಣ್ಣೆ ಗೆರೆಗಿಂತ ತಗ್ಗಿರುತ್ತದೆ. ಅದರ ಪಕ್ಕದಲ್ಲಿ ಫ್ರೀಜರಿನಲ್ಲಿಟ್ಟ ನೀರಿನ ಪ್ಲಾಸ್ಟಿಕ್ ಡಬ್ಬಿ ಉಬ್ಬಿಕೊಂಡಿರುತ್ತದೆ. ಎರಡೂ ಗಟ್ಟಿಯಾದದ್ದೇ, ಒಂದು ಕುಗ್ಗಿದ್ದೇಕೆ, ಇನ್ನೊಂದು ಹಿಗ್ಗಿದ್ದೇಕೆ ಎಂದು ಅದು ಕೇಳೀತು.